ತೂಕ ಇಳಿಸುವುದೂ ವಾರದ ಉಳಿತಾಯದ ಹಾಗೆಯೇ



ಕೆಲವು ಸಮಯದ ಹಿಂದೆ ನಾವು ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಆ ದಿನ ಆಂತರಿಕ ಸಾಲಕ್ಕೆ ಮೂರು ಬೇಡಿಕೆಗಳು ಬಂದಿದ್ದವು. ಒಂದು ಮಗಳ ಕಾಲೇಜು ಫೀಸಿಗೆ, ಇನ್ನೊಂದು ಮನೆಯ ಹಂಚು ಬದಲಿಸಲು. ಮೂರನೆಯದು ಆರು ಸಾವಿರ ರೂಪಾಯಿಗೆ. ಯಾಕೆ ಎಂದು ಕೇಳಿದಾಗ ಆ ಸದಸ್ಯೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ತೂಕ ಇಳಿಸುವ ಪೌಡರಿಗೆ ಮೇಡಂ. ಒಂದು ತಿಂಗಳಲ್ಲಿ ಹತ್ತು ಕಿಲೋ ಗ್ಯಾರಂಟಿ ಅಂತ ಹೇಳಿದ್ದಾರೆ" ಎಂದರು.

ಕೆಲವರು ನಕ್ಕರು. ಆಕೆ ನಗಲಿಲ್ಲ. "ನಿಮಗೆ ನಗು. ನನಗೆ ಮಂಡಿ ನೋವು. ಬಸ್ಸಿನ ಮೆಟ್ಟಲು ಹತ್ತಲಿಕ್ಕೆ ಆಗುದಿಲ್ಲ. ಡಾಕ್ಟ್ರು ತೂಕ ಇಳಿಸಿ ಅಂತ ಹೇಳಿ ಕಳಿಸಿದ್ರು. ಹೇಗೆ, ಎಷ್ಟು, ಎಷ್ಟು ದಿನದಲ್ಲಿ ಅಂತ ಯಾರೂ ಹೇಳಲಿಲ್ಲ" ಎಂದರು.

ಆಕೆ ಕೇಳಿದ್ದು ಸರಿಯಾದ ಪ್ರಶ್ನೆ. ಎಷ್ಟು ಇಳಿಯಬಹುದು, ಎಷ್ಟು ಸಮಯ ಬೇಕು ಎಂಬುದು ಗೊತ್ತಿಲ್ಲದಿದ್ದರೆ ನಾವು ದೊಡ್ಡ ಆಸೆ ಇಟ್ಟುಕೊಳ್ಳುತ್ತೇವೆ. ಆಸೆ ಕೈಗೂಡದಿದ್ದಾಗ ಒಂದೇ ತಿಂಗಳಲ್ಲಿ ಬಿಟ್ಟುಬಿಡುತ್ತೇವೆ. ಇಲ್ಲವೇ ಗ್ಯಾರಂಟಿ ಕೊಡುವವರ ಕೈಗೆ ದುಡ್ಡು ಕೊಡುತ್ತೇವೆ. ಆದ್ದರಿಂದ ಈ ಸಲ ಅದೇ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕೋಣ.

ನಮ್ಮ ತೂಕ ಹೆಚ್ಚಿದೆಯೇ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 24 ಮಂದಿಗೆ ಅತಿ ತೂಕ ಅಥವಾ ಬೊಜ್ಜು ಇತ್ತು. 2015-16ರಲ್ಲಿ ಅದು ನೂರಕ್ಕೆ ಸುಮಾರು 21 ಆಗಿತ್ತು. ಅದೇ 2019-21ರ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 19 ಮಹಿಳೆಯರ ತೂಕ ಇರಬೇಕಾದ್ದಕ್ಕಿಂತ ಕಡಿಮೆ ಇತ್ತು; ನೂರಕ್ಕೆ 57 ಮಹಿಳೆಯರಿಗೆ ರಕ್ತಹೀನತೆ ಇತ್ತು. ಅಂದರೆ ಒಂದೇ ಸಂಘದ ಚಾಪೆಯ ಮೇಲೆ ತೂಕ ಇಳಿಸಬೇಕಾದವರೂ ಏರಿಸಬೇಕಾದವರೂ ಪಕ್ಕಪಕ್ಕ ಕುಳಿತಿರುತ್ತಾರೆ. ದಪ್ಪಗಿರುವವರಿಗೂ ರಕ್ತಹೀನತೆ ಇರಬಹುದು. ಆದ್ದರಿಂದ ನೆರೆಮನೆಯವರು ಮಾಡಿದ್ದನ್ನೇ ನಾವೂ ಮಾಡುವುದಲ್ಲ, ಮೊದಲು ನಮ್ಮ ಲೆಕ್ಕ ನೋಡಿಕೊಳ್ಳಬೇಕು.

ಲೆಕ್ಕ ಕಷ್ಟವಿಲ್ಲ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯಿಂದ ನಿಮ್ಮ ತೂಕವನ್ನು ಭಾಗಿಸಿ. ಉತ್ತರ 18.5ರಿಂದ 23ರ ಒಳಗಿದ್ದರೆ ತೂಕ ಸರಿ ಇದೆ. 23 ದಾಟಿದರೆ ಹೆಚ್ಚು. 25 ದಾಟಿದರೆ ಬೊಜ್ಜು. ಇದು ಭಾರತೀಯರಿಗೆ ಇಟ್ಟಿರುವ ಅಳತೆ. ಹೊರದೇಶದವರಿಗಿಂತ ನಮಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ ಅಳತೆಯನ್ನು ಕೆಳಗೆ ಇಟ್ಟಿದ್ದಾರೆ.

ಒಂದು ಉದಾಹರಣೆ ನೋಡಿ. ಸುಮಾರು ಐದು ಅಡಿ, ಅಂದರೆ 152 ಸೆಂಟಿಮೀಟರ್ ಎತ್ತರದ ಮಹಿಳೆಗೆ 43ರಿಂದ 53 ಕಿಲೋ ಸರಿಯಾದ ತೂಕ. 58 ದಾಟಿದರೆ ಬೊಜ್ಜು.

ಲೆಕ್ಕ ಬೇಡ ಎನ್ನುವವರು ಸೊಂಟದ ಸುತ್ತಳತೆ ನೋಡಬಹುದು. ಹೊಲಿಗೆ ಮಾಡುವ ಸದಸ್ಯೆಯರ ಹತ್ತಿರ ಟೇಪು ಇದ್ದೇ ಇರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಬಿಗಿಯದೆ ಅಳೆಯಿರಿ. 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಿದರೆ ಎಚ್ಚರ ವಹಿಸಬೇಕು. ಹೊಟ್ಟೆಯ ಕೊಬ್ಬು ಉಳಿದ ಕಡೆಯ ಕೊಬ್ಬಿಗಿಂತ ಹೆಚ್ಚು ತೊಂದರೆ ಕೊಡುತ್ತದೆ.

ಗರ್ಭಿಣಿಯರು, ಎಳೆ ಮಗುವಿಗೆ ಹಾಲೂಡಿಸುವ ತಾಯಂದಿರು, ಬೆಳೆಯುವ ವಯಸ್ಸಿನ ಹುಡುಗಿಯರು ಮತ್ತು ಈಗಾಗಲೇ ಸಪೂರ ಇರುವವರು ತಾವಾಗಿಯೇ ಊಟ ಕಡಿಮೆ ಮಾಡಬಾರದು.

ಬಂದದ್ದು ಒಂದೇ ದಿನದಲ್ಲಿ ಅಲ್ಲ

ಮದುವೆಯಾಗುವಾಗ, ಇಪ್ಪತ್ತೈದನೇ ವಯಸ್ಸಿನಲ್ಲಿ 50 ಕಿಲೋ ಇದ್ದವರು ನಲವತ್ತೈದಕ್ಕೆ 68 ಕಿಲೋ ಆಗಿದ್ದಾರೆ ಎಂದಿಟ್ಟುಕೊಳ್ಳೋಣ. 20 ವರ್ಷದಲ್ಲಿ 18 ಕಿಲೋ. ಹಂಚಿ ನೋಡಿದರೆ ವರ್ಷಕ್ಕೆ 900 ಗ್ರಾಂ, ತಿಂಗಳಿಗೆ 75 ಗ್ರಾಂ ಮಾತ್ರ. ಅಷ್ಟು ಸಣ್ಣದಾಗಿ ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ರವಿಕೆ ಬಿಗಿಯಾದಾಗ ಮಾತ್ರ ಗೊತ್ತಾಗುತ್ತದೆ.

ಹೀಗೆ ಬರಲು ನಮ್ಮ ಸೋಮಾರಿತನ ಕಾರಣವಲ್ಲ. ಹಿಂದೆ ಬಾವಿಯಿಂದ ನೀರು ಸೇದುತ್ತಿದ್ದೆವು, ಕಡೆಯುವ ಕಲ್ಲಿನಲ್ಲಿ ಅರೆಯುತ್ತಿದ್ದೆವು, ಪೇಟೆಗೆ ನಡೆದು ಹೋಗುತ್ತಿದ್ದೆವು. ಈಗ ಪಂಪು, ಮಿಕ್ಸಿ, ಆಟೋ ಬಂದಿವೆ. ಬಂದದ್ದು ಒಳ್ಳೆಯದೇ, ನಮ್ಮ ಬೆನ್ನು ಉಳಿದಿದೆ. ಆದರೆ ಊಟದ ಬಟ್ಟಲು ಮಾತ್ರ ಮೊದಲಿನಷ್ಟೇ ದೊಡ್ಡದಿದೆ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೆಳಗ್ಗೆಯಿಂದ ಸಂಜೆಯವರೆಗೆ ಬೀಡಿ ಕಟ್ಟುವವರು, ಹೊಲಿಗೆ ಯಂತ್ರದ ಮುಂದೆ ಕೂರುವವರು ದಿನವಿಡೀ ದುಡಿಯುತ್ತಾರೆ. ಕೈಗೆ ಬಿಡುವಿಲ್ಲ. ಆದರೆ ಕಾಲಿಗೆ ಕೆಲಸವೇ ಇಲ್ಲ. ಹೆರಿಗೆಗಳು, ಮುಟ್ಟು ನಿಲ್ಲುವ ಸಮಯ, ಥೈರಾಯ್ಡ್, ಕೆಲವು ಔಷಧಿಗಳು ಇವೂ ತೂಕ ಹೆಚ್ಚಿಸುತ್ತವೆ.

ಇಪ್ಪತ್ತು ವರ್ಷದಲ್ಲಿ ಬಂದ ನೆಂಟ ಎರಡು ತಿಂಗಳಲ್ಲಿ ಹೋಗಬೇಕು ಎಂದರೆ ಹೋಗುತ್ತಾನೆಯೇ?

ಎಷ್ಟು ಇಳಿಯಬಹುದು, ಎಷ್ಟು ದಿನದಲ್ಲಿ?

ಮೊದಲ ಗುರಿ ಹೀಗಿರಲಿ: ಆರು ತಿಂಗಳಲ್ಲಿ ಈಗಿನ ತೂಕದ ನೂರಕ್ಕೆ ಐದು ಭಾಗ.

60 ಕಿಲೋ ಇರುವವರಿಗೆ 3 ಕಿಲೋ.
68 ಕಿಲೋ ಇರುವವರಿಗೆ ಸುಮಾರು ಮೂರೂವರೆ ಕಿಲೋ.
80 ಕಿಲೋ ಇರುವವರಿಗೆ 4 ಕಿಲೋ.

"ಇಷ್ಟೇನಾ?" ಎಂದು ಅನ್ನಿಸಬಹುದು. ಹೌದು, ಇಷ್ಟೇ. ಇಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ, ಮಂಡಿ ನೋವುಗಳಲ್ಲಿ ಒಳ್ಳೆಯ ಬದಲಾವಣೆ ಕಾಣುತ್ತದೆ. ಕೆಲವರಿಗೆ ನೂರಕ್ಕೆ ಹತ್ತು ಭಾಗದವರೆಗೂ ಇಳಿಯುತ್ತದೆ. ಅದು ತುಂಬಾ ಒಳ್ಳೆಯ ಫಲ. ಆದರೆ ಐದು ಅಡಿ ಎತ್ತರದ, 68 ಕಿಲೋ ತೂಕದ ಸಹೋದರಿ ಮೊದಲ ದಿನವೇ 53 ಕಿಲೋದ ಗುರಿ ಇಟ್ಟುಕೊಂಡರೆ, 64 ಕಿಲೋಗೆ ಬಂದಾಗಲೂ ತಾನು ಸೋತೆ ಎಂದುಕೊಳ್ಳುತ್ತಾರೆ. ನಿಜವಾಗಿ ಅವರು ಗೆದ್ದಿರುತ್ತಾರೆ.

ವೇಗದ ಮಾತು ಹೇಳುವುದಾದರೆ ತಿಂಗಳಿಗೆ ಅರ್ಧ ಕಿಲೋದಿಂದ ಒಂದು ಕಿಲೋ ಇಳಿದರೆ ಚೆನ್ನಾಗಿಯೇ ಇಳಿಯುತ್ತಿದೆ ಎಂದರ್ಥ. ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚಿನ ಆಸೆ ಬೇಡ. ಅದಕ್ಕೂ ಒಂದು ಲೆಕ್ಕವಿದೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿರುತ್ತದೆ. ವಾರಕ್ಕೆ ಅರ್ಧ ಕಿಲೋ ಕೊಬ್ಬು ಕರಗಬೇಕಾದರೆ ದಿನಕ್ಕೆ 550 ಕ್ಯಾಲೊರಿ ಕಡಿಮೆಯಾಗಬೇಕು. ಹೆಚ್ಚು ಹೊತ್ತು ಕುಳಿತೇ ಕೆಲಸ ಮಾಡುವ ಮಹಿಳೆಗೆ ಅದು ದಿನದ ಊಟದ ಮೂರನೇ ಒಂದು ಭಾಗದಷ್ಟಾಗುತ್ತದೆ. ಮನೆ ಕೆಲಸ, ಹೊರಗಿನ ಕೆಲಸ ಎರಡನ್ನೂ ಮಾಡುತ್ತಾ ಅಷ್ಟು ಹಸಿವು ತಾಳುವುದು ಬಹಳ ದಿನ ಸಾಧ್ಯವಿಲ್ಲ.

ಅದೇ ವಾರಕ್ಕೆ 150 ಗ್ರಾಂ ಇಳಿಸಲು ದಿನಕ್ಕೆ ಸುಮಾರು 165 ಕ್ಯಾಲೊರಿ ಸಾಕು. ಒಂದು ಚಮಚ ಸಕ್ಕರೆಯಲ್ಲಿ 20 ಕ್ಯಾಲೊರಿ. ದಿನಕ್ಕೆ ನಾಲ್ಕು ಚಾ, ಪ್ರತಿ ಚಾಕ್ಕೆ ಎರಡು ಚಮಚ ಸಕ್ಕರೆ ಎಂದರೆ 160 ಕ್ಯಾಲೊರಿ. ನೋಡಿ, ಬರೀ ಚಾದ ಸಕ್ಕರೆಯಲ್ಲೇ ಲೆಕ್ಕ ಹತ್ತಿರ ಬಂತು! ವಾರಕ್ಕೆ 150 ಗ್ರಾಂ ಎಂದರೆ 26 ವಾರಗಳಲ್ಲಿ ಸುಮಾರು 4 ಕಿಲೋ. ಕಾಗದದ ಮೇಲಿನ ಈ ಲೆಕ್ಕ ದೇಹದಲ್ಲಿ ಅಷ್ಟೇ ಸರಿಯಾಗಿ ನಡೆಯುವುದಿಲ್ಲ, ಸ್ವಲ್ಪ ಕಡಿಮೆಯೇ ಇಳಿಯುತ್ತದೆ. ಆದ್ದರಿಂದ ಸಕ್ಕರೆಯ ಜೊತೆ ಇನ್ನೂ ಒಂದೆರಡು ಬದಲಾವಣೆ ಸೇರಿಸಬೇಕು.

ವಾರಕ್ಕೆ ಹತ್ತು ರೂಪಾಯಿ ಉಳಿಸುತ್ತಾ ಶುರುವಾದ ನಮ್ಮ ಸಂಘಗಳಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಹತ್ತು ರೂಪಾಯಿಯನ್ನು ನೋಡಿ ಅಂದು ನಕ್ಕವರೂ ಇದ್ದರು. ಇಂದು ಅದೇ ದುಡ್ಡು ಮಕ್ಕಳ ಫೀಸಾಗಿದೆ, ಹಸುವಾಗಿದೆ, ಮನೆಯ ಮಾಡಾಗಿದೆ.

ತಿಂಗಳು ತಿಂಗಳು ಏನಾಗುತ್ತದೆ?

ಮೊದಲ ಎರಡು ವಾರ: ಊಟ ಕಡಿಮೆ ಮಾಡಿದ ಕೂಡಲೇ ಒಂದರಿಂದ ಎರಡು ಕಿಲೋ ಇಳಿಯಬಹುದು. ತುಂಬಾ ಖುಷಿಯಾಗುತ್ತದೆ. ಆದರೆ ಇದರಲ್ಲಿ ಹೆಚ್ಚಿನದು ಕೊಬ್ಬಲ್ಲ, ನೀರು. ದೇಹ ಕೂಡಿಟ್ಟುಕೊಂಡ ಸಕ್ಕರೆ ಅಂಶ ಖರ್ಚಾಗುವಾಗ ಅದರ ಜೊತೆಗಿದ್ದ ನೀರೂ ಹೋಗುತ್ತದೆ. "ಮೊದಲ ವಾರದಲ್ಲೇ ಮೂರು ಕಿಲೋ" ಎನ್ನುವ ಜಾಹೀರಾತುಗಳ ಗುಟ್ಟೂ ಬಹುಪಾಲು ಇದೇ.

ಮೂರನೇ, ನಾಲ್ಕನೇ ವಾರ: ಇಳಿಯುವುದು ನಿಂತ ಹಾಗೆ ಕಾಣುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲಿಯೇ. "ಏನು ಮಾಡಿದ್ರೂ ಅಷ್ಟೇ, ನಮ್ಮ ಶರೀರವೇ ಹಾಗೆ" ಎನ್ನುತ್ತಾರೆ. ನಿಜವಾದ ಕೊಬ್ಬು ನಿಧಾನವಾಗಿ ಕರಗಲು ಶುರುವಾಗುವುದೂ ಈಗಲೇ. ಇನ್ನೊಂದು ಮಾತು. ಮುಟ್ಟಿನ ಮುಂಚಿನ ದಿನಗಳಲ್ಲಿ ದೇಹದಲ್ಲಿ ನೀರು ನಿಂತು ಒಂದೆರಡು ಕಿಲೋ ಹೆಚ್ಚು ತೋರಿಸಬಹುದು. ಉಪ್ಪು ಹೆಚ್ಚಾದ ಊಟದ ಮರುದಿನವೂ ಹಾಗೆಯೇ. ಆದ್ದರಿಂದ ದಿನ ದಿನ ತೂಗಿ ಬೇಸರ ಮಾಡಿಕೊಳ್ಳಬೇಡಿ. ಮುಟ್ಟು ಮುಗಿದ ಮೇಲೆ, ತಿಂಗಳಿಗೊಮ್ಮೆ, ಅದೇ ಯಂತ್ರದಲ್ಲಿ, ಅದೇ ಸಮಯಕ್ಕೆ ತೂಗಿ.

ಎರಡರಿಂದ ಐದನೇ ತಿಂಗಳು: ಒಂದು ತಿಂಗಳು ಒಂದು ಕಿಲೋ, ಇನ್ನೊಂದು ತಿಂಗಳು ಕಾಲು ಕಿಲೋ, ಮತ್ತೊಂದು ತಿಂಗಳು ಏನೂ ಇಲ್ಲ. ಹೀಗೆ ಏರಿಳಿತ ಇದ್ದೇ ಇರುತ್ತದೆ. ಕ್ರಿಸ್ಮಸ್ಸಿಗೆ ಕುಸ್ವಾರ್, ಚೌತಿಗೆ ಕಡುಬು, ಈದ್‌ಗೆ ಬಿರಿಯಾನಿ, ನಡುವೆ ಮದುವೆಗಳು. ಹಬ್ಬದ ದಿನ ತಿಂದದ್ದಕ್ಕೆ ತಪ್ಪಿತಸ್ಥರಂತೆ ಕೊರಗಬೇಕಾಗಿಲ್ಲ. ಹಬ್ಬ ಮುಗಿದ ಮರುದಿನ ಮೊದಲಿನ ಕ್ರಮಕ್ಕೆ ಬಂದರೆ ಆಯಿತು. ಒಂದು ವಾರ ಉಳಿತಾಯ ಕಟ್ಟಲು ಆಗಲಿಲ್ಲ ಎಂದು ಯಾರೂ ಸಂಘವನ್ನೇ ಬಿಟ್ಟು ಹೋಗುವುದಿಲ್ಲ, ಅಲ್ವಾ?

ಆರನೇ ತಿಂಗಳ ಹೊತ್ತಿಗೆ: ಹೆಚ್ಚಿನವರಿಗೆ ತೂಕ ಒಂದು ಕಡೆ ಬಂದು ನಿಲ್ಲುತ್ತದೆ. ದೇಹ ಹಗುರವಾದಂತೆ ಅದಕ್ಕೆ ಬೇಕಾದ ಆಹಾರವೂ ಕಡಿಮೆಯಾಗುತ್ತದೆ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ದೇಹ ಹಸಿವನ್ನೂ ಹೆಚ್ಚಿಸುತ್ತದೆ. ಇದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ, ದೇಹದ ಸ್ವಭಾವ. ಈ ಹಂತದಲ್ಲಿ ಮಾಡಬೇಕಾದ್ದು ಇಳಿದದ್ದನ್ನು ಉಳಿಸಿಕೊಳ್ಳುವುದು. ಒಂದು ವರ್ಷದ ನಂತರವೂ ತೂಕ ಮರಳಿ ಬಂದಿಲ್ಲ ಎಂದಾದರೆ ಅದೇ ದೊಡ್ಡ ಗೆಲುವು.

ತೂಕದ ಯಂತ್ರ ತೋರಿಸದ ಲಾಭ

ಒಂದು ಕಿಲೋ ತೂಕ ಇಳಿದರೆ, ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ. ಅಂದರೆ ಮೂರು ಕಿಲೋ ಇಳಿಸಿದವರ ಮಂಡಿಗೆ ಹನ್ನೆರಡು ಕಿಲೋದ ಅಕ್ಕಿ ಚೀಲ ಇಳಿಸಿದಷ್ಟು ಹಗುರ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಎರಡು ದೊಡ್ಡ ಅಧ್ಯಯನಗಳನ್ನು ಹೇಳಬೇಕು. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನದ ವರದಿ 2002ರಲ್ಲಿ ಬಂತು. ಅವರೆಲ್ಲ ಸಕ್ಕರೆ ಕಾಯಿಲೆ ಬರುವ ಅಂಚಿನಲ್ಲಿದ್ದವರು. ಒಂದು ಗುಂಪಿಗೆ ತೂಕದಲ್ಲಿ ನೂರಕ್ಕೆ ಏಳು ಭಾಗ ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವಂಥ ಚಟುವಟಿಕೆಯ ಗುರಿ ಕೊಟ್ಟಿದ್ದರು. ಆ ಗುಂಪಿನಲ್ಲಿ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು.

ನಮ್ಮ ನೆರೆಯ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಇಂಥದೇ ಅಧ್ಯಯನ ಮಾಡಿ 2006ರಲ್ಲಿ ವರದಿ ಕೊಟ್ಟರು. ಅಲ್ಲಿ ಊಟ ತಿದ್ದಿಕೊಂಡು ನಡಿಗೆ ಮಾಡಿದವರಲ್ಲಿ ಕಾಯಿಲೆ ಬರುವುದು ನೂರಕ್ಕೆ 28ಕ್ಕಿಂತ ಸ್ವಲ್ಪ ಹೆಚ್ಚು ಕಡಿಮೆಯಾಯಿತು. ವಿಶೇಷವೇನೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ! ತೂಕದ ಮುಳ್ಳು ಅಲುಗದಿದ್ದರೂ ಒಳಗೆ ಒಳ್ಳೆಯದೇ ನಡೆಯುತ್ತಿತ್ತು.

ಆದ್ದರಿಂದ ಬೇರೆ ಗುರುತುಗಳನ್ನೂ ನೋಡಿ. ರವಿಕೆ ಸಡಿಲವಾಯಿತೇ? ಮೆಟ್ಟಲು ಹತ್ತುವಾಗ ಏದುಸಿರು ಕಡಿಮೆಯಾಯಿತೇ? ರಾತ್ರಿ ನಿದ್ದೆ ಚೆನ್ನಾಗಿದೆಯೇ? ಬಿಪಿ, ಸಕ್ಕರೆಯ ಲೆಕ್ಕ ಇಳಿಯಿತೇ? ಇವೂ ಲಾಭದ ಖಾತೆಗೆ ಸೇರುತ್ತವೆ.

ಅಡುಗೆಮನೆಯಿಂದ ಶುರು ಮಾಡೋಣ

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ತಿಂಗಳಿಗೆ ಒಂದು ಬದಲಾವಣೆ ಸಾಕು.

1. ಚಾ: ಸಕ್ಕರೆಯನ್ನು ಎರಡು ಚಮಚದಿಂದ ಒಂದಕ್ಕೆ, ಆಮೇಲೆ ಅರ್ಧಕ್ಕೆ ತನ್ನಿ. ಒಮ್ಮೆಲೇ ನಿಲ್ಲಿಸಿದರೆ ನಾಲಿಗೆ ಒಪ್ಪುವುದಿಲ್ಲ. ದಿನಕ್ಕೆ ಎಂಟು ಚಮಚ ಎಂದರೆ ತಿಂಗಳಿಗೆ ಒಂದು ಕಿಲೋಗೂ ಮೇಲೆ ಸಕ್ಕರೆ. ಆ ದುಡ್ಡೂ ಉಳಿಯಿತು. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂದು ತಿಳಿಯಬೇಡಿ, ಈ ಲೆಕ್ಕದಲ್ಲಿ ಎರಡೂ ಒಂದೇ.

2. ಎಣ್ಣೆ: ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನ ಆಸುಪಾಸು ಸಾಕು. ನಾಲ್ಕು ಮಂದಿಯ ಮನೆಗೆ ಎರಡು ಲೀಟರ್. ಬಾಟಲಿಯಿಂದ ಬಾಣಲೆಗೆ ನೇರ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿಯ ಆಸುಪಾಸು ಇರುತ್ತದೆ. ಮೀನನ್ನು ದಿನವೂ ಕಾಯಿಸುವ ಬದಲು ಸಾರು ಮಾಡಿ. ಸಾರಿಗೆ ತೆಂಗಿನಕಾಯಿ ಬಿಡಬೇಕಾಗಿಲ್ಲ, ಹಾಕುವ ಪ್ರಮಾಣ ಸ್ವಲ್ಪ ಕಡಿಮೆ ಮಾಡಿದರೆ ಸಾಕು.

3. ಅನ್ನ: ಕುಚ್ಚಲಕ್ಕಿ ಅನ್ನವನ್ನೇ ಬಿಟ್ಟು ಬದುಕಲು ನಮ್ಮಿಂದ ಆಗುವುದಿಲ್ಲ, ಬಿಡುವುದೂ ಬೇಡ. ಮೂರು ಸಟ್ಟುಗ ಬಡಿಸಿಕೊಳ್ಳುವಲ್ಲಿ ಎರಡು ಸಾಕು. ಖಾಲಿಯಾದ ಜಾಗಕ್ಕೆ ಬಸಳೆ, ಹರಿವೆ, ಅಲಸಂಡೆ, ಸೌತೆ ಬರಲಿ. ಬೂತಾಯಿ, ಬಂಗುಡೆ, ಮೊಟ್ಟೆ, ಹೆಸರು, ಹುರುಳಿ, ಕಡಲೆ ಇವುಗಳಲ್ಲಿ ಯಾವುದಾದರೊಂದು ದಿನವೂ ಇರಲಿ. ಹೊಟ್ಟೆ ಬೇಗ ತುಂಬುತ್ತದೆ, ಮಾಂಸಖಂಡಗಳ ಬಲವೂ ಉಳಿಯುತ್ತದೆ.

4. ಉಳಿದ ಊಟ: ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಪಾತ್ರೆಯ ತಳದಲ್ಲಿ ಉಳಿದದ್ದು ಹಾಳಾಗಬಾರದೆಂದು ಕೊನೆಗೆ ಅಮ್ಮನೇ ತಿನ್ನುವುದು. ನಮ್ಮ ಹೊಟ್ಟೆ ಉಳಿದದ್ದನ್ನು ಹಾಕುವ ಪಾತ್ರೆಯಲ್ಲ. ಕಡಿಮೆ ಅಡುಗೆ ಮಾಡುವ ಅಂದಾಜು ಕಲಿಯೋಣ.

5. ಹೊತ್ತು: ಬೆಳಗ್ಗೆ ಏನೂ ತಿನ್ನದೆ ಬರೀ ಚಾದಲ್ಲಿ ಕಳೆದು, ರಾತ್ರಿ ಎಲ್ಲರ ಊಟವಾದ ಮೇಲೆ ಹತ್ತು ಗಂಟೆಗೆ ಹೊಟ್ಟೆ ತುಂಬಾ ಉಣ್ಣುವ ಅಭ್ಯಾಸ ನಮ್ಮಲ್ಲಿ ತುಂಬಾ ಜನರಿಗೆ ಉಂಟು. ಬೆಳಗ್ಗೆ ಒಂದು ಬಟ್ಟಲು ಗಂಜಿಯಾದರೂ ಪಲ್ಯದ ಜೊತೆ ಉಣ್ಣಿ. ರಾತ್ರಿ ಮನೆಮಂದಿಯ ಜೊತೆಯಲ್ಲೇ ಕುಳಿತು ಉಣ್ಣಿ.

ನಡಿಗೆ

"ಮನೆ ಕೆಲಸ ಮಾಡ್ತೇನಲ್ಲ, ಬೇರೆ ವ್ಯಾಯಾಮ ಯಾಕೆ?" ಎಂದು ಕೇಳುತ್ತಾರೆ. ಮನೆಕೆಲಸದಲ್ಲಿ ಆಯಾಸ ಇದೆ, ಆದರೆ ಎದೆಬಡಿತ ಸ್ವಲ್ಪ ಹೆಚ್ಚುವಂತೆ ಒಂದೇ ಸಮನೆ ನಡೆಯುವುದು ಅದರಲ್ಲಿ ಕಡಿಮೆ. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ನಡೆಯುವಾಗ ಪಕ್ಕದವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಒಮ್ಮೆಲೇ ಆಗದಿದ್ದರೆ ಹತ್ತು ಹತ್ತು ನಿಮಿಷದಂತೆ ಮೂರು ಸಲ ನಡೆದರೂ ಆಗುತ್ತದೆ. ಬೀಡಿ ಕಟ್ಟುವವರು, ಹೊಲಿಯುವವರು ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಎರಡು ಸುತ್ತು ಬನ್ನಿ. ಮಂಡಿ ನೋವು ಹೆಚ್ಚಿದ್ದವರು ಮೊದಲು ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಎತ್ತಿ ಇಳಿಸುವ ಅಭ್ಯಾಸ ಮಾಡಿ.

ಇಲ್ಲಿಯೂ ಆಸೆ ಮಿತವಾಗಿರಲಿ. ಅರ್ಧ ಗಂಟೆ ನಡೆದು ಕರಗಿಸಿದ್ದು ಒಂದು ಲೋಟ ಸಿಹಿ ಚಾ ಮತ್ತು ನಾಲ್ಕು ಬಿಸ್ಕತ್ತಿನಲ್ಲಿ ಪೂರ್ತಿ ವಾಪಸ್ ಬರುತ್ತದೆ. ಬರೀ ನಡಿಗೆಯಿಂದ ತೂಕ ಹೆಚ್ಚು ಇಳಿಯುವುದಿಲ್ಲ. ಆದರೆ ಇಳಿದ ತೂಕ ಮರಳಿ ಬಾರದಂತೆ ತಡೆಯಲು ನಡಿಗೆಯಷ್ಟು ಸಹಾಯ ಮಾಡುವುದು ಬೇರೊಂದಿಲ್ಲ.

ಪೌಡರ್, ಮಾತ್ರೆ, ಉಪವಾಸ

ತುಂಬಾ ವೇಗವಾಗಿ ತೂಕ ಇಳಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಸುಸ್ತಾಗುತ್ತದೆ, ಕೂದಲು ಉದುರುತ್ತದೆ, ಪಿತ್ತಕೋಶದಲ್ಲಿ ಕಲ್ಲು ಆಗುವ ಸಂಭವ ಹೆಚ್ಚುತ್ತದೆ. ಪೌಡರ್ ಕುಡಿಯುವಷ್ಟು ದಿನ ಇಳಿದದ್ದು, ನಿಲ್ಲಿಸಿದ ಮೇಲೆ ಮರಳಿ ಬರುತ್ತದೆ. ಜೀವನಪೂರ್ತಿ ಅದನ್ನು ಕೊಳ್ಳಲು ನಮ್ಮಿಂದ ಸಾಧ್ಯವೇ? ಗ್ಯಾರಂಟಿ ಕೊಡುವವರಿಗೆ ಒಂದೇ ಪ್ರಶ್ನೆ ಕೇಳಿ: "ಒಂದು ವರ್ಷದ ನಂತರ ಎಷ್ಟು ಕಿಲೋ ಇರುತ್ತೇನೆ?"

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಿಂದ ನಮ್ಮ ದೇಶದಲ್ಲೂ ಸಿಗುತ್ತಿವೆ. ಅವು ಕೆಲಸ ಮಾಡುತ್ತವೆ ನಿಜ. ಆದರೆ ವೈದ್ಯರ ಚೀಟಿ ಮತ್ತು ನಿಗಾ ಇಲ್ಲದೆ ತೆಗೆದುಕೊಳ್ಳುವಂಥವಲ್ಲ. ನಿಲ್ಲಿಸಿದ ಮೇಲೆ ತೂಕ ಮರಳಿ ಬರುವುದು ಅಲ್ಲಿಯೂ ಉಂಟು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆ ತೀರಾ ಇಳಿದು ತಲೆ ತಿರುಗಿ ಬೀಳುವ ಅಪಾಯವಿದೆ. ತೂಕ ಸ್ವಲ್ಪ ಇಳಿಯಿತೆಂದು ಬಿಪಿ, ಸಕ್ಕರೆಯ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ವೈದ್ಯರ ಬಳಿ ಯಾವಾಗ ಹೋಗಬೇಕು?

ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದರೆ ಖುಷಿಪಡಬೇಡಿ. ಸಕ್ಕರೆ ಕಾಯಿಲೆ, ಕ್ಷಯ ಮುಂತಾದ ಕಾಯಿಲೆಗಳು ಹಾಗೆ ಶುರುವಾಗುವುದುಂಟು. ತೂಕ ಏರುವುದರ ಜೊತೆಗೆ ವಿಪರೀತ ಸುಸ್ತು, ಚಳಿ ತಡೆಯಲಾಗದಿರುವುದು, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ಮತ್ತು ಸಕ್ಕರೆಯ ತಪಾಸಣೆ ಉಚಿತವಾಗಿ ಮಾಡುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಸಂಘದಲ್ಲಿ ಏನು ಮಾಡಬಹುದು?

ಆ ದಿನದ ಸಭೆಗೆ ಮರಳೋಣ. ತುಂಬಾ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಆ ಸಹೋದರಿಯೇ, "ಪೌಡರ್ ಈಗ ಬೇಡ, ಆರು ತಿಂಗಳು ನೋಡುವ" ಎಂದರು. ಸಂಘದ ಹಣದಿಂದ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಂದು ತೂಕದ ಯಂತ್ರ ತರುವುದೆಂದು ನಿರ್ಣಯ ಪುಸ್ತಕದಲ್ಲಿ ಬರೆದರು. ಕೆಲವು ನಿಯಮಗಳನ್ನೂ ಮಾಡಿಕೊಂಡರು. ಬೇರೆ ಸಂಘಗಳಿಗೂ ಉಪಯೋಗವಾಗಬಹುದೆಂದು ಕೊಡುತ್ತಿದ್ದೇವೆ:

* ತಿಂಗಳಿಗೊಮ್ಮೆ ಮಾತ್ರ ತೂಗುವುದು. ಇಷ್ಟವಿದ್ದವರು ಮಾತ್ರ.
* ಅವರವರ ತೂಕ ಅವರವರ ಪುಸ್ತಕದಲ್ಲಿ. ಗಟ್ಟಿಯಾಗಿ ಓದುವಂತಿಲ್ಲ.
* ಯಾರ ದೇಹದ ಬಗ್ಗೆಯೂ ತಮಾಷೆ ಮಾಡುವಂತಿಲ್ಲ.
* ಯಾರಿಗೆ ಹೆಚ್ಚು ಇಳಿಯಿತು ಎಂಬ ಸ್ಪರ್ಧೆ ಬೇಡ.
* ಸಭೆಯ ಚಾದ ಜೊತೆ ಗೋಳಿಬಜೆಯ ಬದಲು ಬೇಯಿಸಿದ ಕಡಲೆ ಅಥವಾ ಬಾಳೆಹಣ್ಣು.
* ಹತ್ತಿರದ ಮನೆಯ ಇಬ್ಬಿಬ್ಬರು ಜೊತೆಯಾಗಿ ನಡೆಯುವುದು.

ಏಳು ತಿಂಗಳ ನಂತರ ನಾವು ಮತ್ತೆ ಹೋದೆವು. ಆ ಸಹೋದರಿ ತಮ್ಮ ಪುಸ್ತಕವನ್ನು ತಾವೇ ತೋರಿಸಿದರು. ಮೊದಲ ತಿಂಗಳು ಒಂದೂವರೆ ಕಿಲೋ ಇಳಿದಿತ್ತು. ಎರಡು ತಿಂಗಳು ಏನೂ ಇಲ್ಲ. ಮದುವೆಗಳ ತಿಂಗಳಲ್ಲಿ ಅರ್ಧ ಕಿಲೋ ಏರಿತ್ತು. ಆಮೇಲೆ ಮತ್ತೆ ನಿಧಾನವಾಗಿ ಇಳಿದಿತ್ತು. ಒಟ್ಟು ಮೂರು ಕಿಲೋಗೆ ಸ್ವಲ್ಪ ಕಡಿಮೆ. ಮಂಡಿ ನೋವು ಪೂರ್ತಿ ಹೋಗಿಲ್ಲ. "ಹತ್ತು ಕಿಲೋ ಅಲ್ಲ ಮೇಡಂ. ಆದ್ರೆ ಇವತ್ತು ಸಂತೆಗೆ ಬಸ್ಸಲ್ಲೇ ಹೋಗಿ ಬಂದೆ. ಕಂಡಕ್ಟರ್ ಕೈ ಹಿಡಿದು ಹತ್ತಿಸಬೇಕಾಗಲಿಲ್ಲ" ಎಂದರು.

ಈ ಸಲ ಸಭೆಯಲ್ಲಿ ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಹಾಗಾದ್ರೆ ನಾಳೆಯಿಂದ ನಾನೂ ಬರ್ತೇನೆ ನಡೀಲಿಕ್ಕೆ. ನಿಧಾನ ಹೋಗುವ, ಆಯ್ತಾ?" ಎಂದು ಕೇಳಿದರು.

ಸಹೋದರಿಯರೇ, ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ಉಳಿತಾಯದಲ್ಲಿ ನಾವು ಕಂಡಿದ್ದೇವೆ. ದೇಹಕ್ಕೂ ಅದೇ ತಾಳ್ಮೆ ತೋರಿಸೋಣ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಸಕ್ಕರೆ, ಎಷ್ಟು ಎಣ್ಣೆ ಬರುತ್ತದೆ? ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ?
2. ನಿಮ್ಮ ಈಗಿನ ತೂಕದ ನೂರಕ್ಕೆ ಐದು ಭಾಗ ಎಷ್ಟು? ಪುಸ್ತಕದಲ್ಲಿ ಬರೆದುಕೊಳ್ಳಿ.
3. ನಿಮ್ಮ ಸಂಘದಲ್ಲಿ ತೂಕ ಕಡಿಮೆ ಇರುವ, ರಕ್ತಹೀನತೆ ಇರುವ ಸದಸ್ಯೆಯರಿಗೆ ಏನು ಸಹಾಯ ಮಾಡಬಹುದು?
4. ಮುಂದಿನ ತಿಂಗಳು ನೀವು ಮಾಡಲಿರುವ ಒಂದೇ ಒಂದು ಬದಲಾವಣೆ ಯಾವುದು?